ಬಾಸ್ 429 ಬರೀ ಕಾನ್ಸೆಪ್ಟ್ ಅಲ್ಲ ಸರ್

ಫೋರ್ಡ್ ಕಂಪನಿಯ ಬಾಸ್ 429 ಮಸ್ಟಾಂಗ್ ಕಾರನ್ನ ಶೋಗೆ ಮಾತ್ರ, ಅಂದ್ರೆ ಬರೀ ಕಾನ್ಸೆಪ್ಟ್ ಆಗಿ ಮಾಡಿದ್ದಾ ಅಂತ ಕೇಳಿದ್ರಲ್ಲ, ಇಲ್ಲ ಸರ್, 1969-70ರಲ್ಲಿ ಶೋರೂಮಿನಲ್ಲೇ ಮಾರಿದ್ದು. ಎರಡೂ ವರ್ಷ ಸೇರಿ ಸುಮಾರು 1,350 ಅಷ್ಟೇ. ಇದರ ಎಂಜಿನ್‌ನ ಅಮೆರಿಕದ ನಾಸ್ಕಾರ್ ಕಾರ್ ರೇಸಿಗಿಳಿಸಬೇಕಾದರೆ ಕನಿಷ್ಠ 500 ಕಾರು ಜನರಿಗೆ ಮಾರಲೇಬೇಕಿತ್ತು. ತಮಾಷೆ ನೋಡಿ, ಆ ಎಂಜಿನ್ ಹಾಕ್ಕೊಂಡು ರೇಸಿನಲ್ಲಿ ಓಡಿದ್ದು ಮಸ್ಟಾಂಗ್ ಅಲ್ಲ, ಫೋರ್ಡ್‌ನದೇ ಇನ್ನೊಂದು ಕಾರು ಟೊರಿನೊ!

ಎಂಜಿನ್ ಎಷ್ಟು ಅಗಲ ಅಂದ್ರೆ, ಫೋರ್ಡ್‌ಗಾಗಿ ಈ ಕಾರು ಜೋಡಿಸಿದ ಮಿಷಿಗನ್‌ನ ಕಾರ್ ಕ್ರಾಫ್ಟ್ (Kar Kraft) ಕಂಪನಿಯವರು ಮುಂದಿನ ಸಸ್ಪೆನ್ಶನ್ ಟವರುಗಳನ್ನೇ ಆಚೆ ಸರಿಸಿದರು. ಬ್ಯಾಟರಿಗೆ ಜಾಗ ಸಿಗದೆ ಡಿಕ್ಕಿಗೆ ಹೋಯ್ತು. ಅಸಲಿ ಬಾಸ್ 429 ಆದ್ರೆ ಡ್ರೈವರ್ ಕಡೆ ಬಾಗಿಲಲ್ಲಿ ಕಾರ್ ಕ್ರಾಫ್ಟ್‌ನ ‘ಕೆಕೆ’ ನಂಬರಿನ ಸ್ಟಿಕರ್ ಇರುತ್ತೆ.

ನೀವು ಹಾಕಿದ ಫೋಟೊದಲ್ಲಿರೋ ಪುಟ್ಟ ಬಿಳಿ ಕಾರು ಬೇರೆ. ಅದು 1962ರ ಮಸ್ಟಾಂಗ್ 1: ಎರಡೇ ಸೀಟು, ಬೆನ್ನ ಹಿಂದೆ ವಿ4 ಎಂಜಿನ್. ಅದೇ ನಿಜವಾದ ಕಾನ್ಸೆಪ್ಟ್, ಮಾರಾಟಕ್ಕೆ ಬರಲೇ ಇಲ್ಲ.