ಟಬ್ ಫಳಫಳ, ಪೈಪಿನೊಳಗೆ ಲೋಳೆ

ಪ್ರಶ್ನೆ: ಮನೆಯ ಹಾಟ್ ಟಬ್ಬಿನ (ಕೂತು ಮೀಯುವ ಬಿಸಿನೀರ ತೊಟ್ಟಿ) ನೀರನ್ನೆಲ್ಲ ಖಾಲಿ ಮಾಡಿ, ಚೆನ್ನಾಗಿ ಉಜ್ಜಿ, ಹೊಸ ನೀರು ತುಂಬಿದೆವು. ಹತ್ತೇ ದಿನಕ್ಕೆ ಮತ್ತೆ ಮುಗ್ಗಲು ವಾಸನೆ. ರಾತ್ರಿ ಹಾಕಿದ ಕ್ಲೋರಿನ್ ಬೆಳಿಗ್ಗೆ ಇರುವುದೇ ಇಲ್ಲ. ನೀರು ಚಿಮ್ಮಿಸುವ ಜೆಟ್ ಹಾಕಿದರೆ ಕಂದು ಚೂರುಗಳು ತೇಲಿ ಬರುತ್ತವೆ. ಈಗ ಮಗನ ಬೆನ್ನಿನ ಮೇಲೆ ಕೆಂಪು ಗುಳ್ಳೆಗಳೂ ಎದ್ದಿವೆ. ಇನ್ನೇನು ತೊಳೆಯಬೇಕು?

ಉತ್ತರ: ಮೊದಲು ಮಗನನ್ನು ವೈದ್ಯರಿಗೆ ತೋರಿಸಿ. ಟಬ್ಬಿನ ವಿಷಯವನ್ನೂ ಹೇಳಿ. ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಕೂದಲಿನ ಬುಡಕ್ಕೆ ಇಳಿದು ಇಂಥ ಗುಳ್ಳೆ ಎಬ್ಬಿಸುವುದುಂಟು. ಒದ್ದೆ ಬಟ್ಟೆ ಅಂಟಿಕೊಂಡ ಜಾಗದಲ್ಲಿ ಜಾಸ್ತಿ. ಟಬ್ ಸರಿಯಾಗುವವರೆಗೆ ಯಾರೂ ಇಳಿಯಬೇಡಿ.

ನೀವು ಉಜ್ಜಿದ್ದು ಕಣ್ಣಿಗೆ ಕಾಣುವ ಭಾಗ, ಅಲ್ವಾ? ನಾನೂ ಎರಡು ಸಲ ಹಾಗೇ ಮಾಡಿ ಬೇಸ್ತು ಬಿದ್ದವನು. ಮೂರನೇ ಸಲ ಒಂದು ಜೆಟ್ಟಿನ ಮೂತಿ ತಿರುಗಿಸಿ ತೆಗೆದು, ಕಿರುಬೆರಳು ಒಳಗೆ ಹಾಕಿ ನೋಡಿದೆ. ಹೂದಾನಿಯ ನೀರು ಬದಲಿಸದೆ ಬಿಟ್ಟರೆ ಒಳಗೆ ಜಾರುಜಾರಾಗಿ ಕೈಗೆ ಹತ್ತುತ್ತದಲ್ಲ, ಅದೇ ಲೋಳೆ. ಬ್ಯಾಕ್ಟೀರಿಯಾಗಳು ತಾವೇ ಸುರಿಸಿಕೊಂಡ ಈ ಲೋಳೆಯೊಳಗೆ ಬೆಚ್ಚಗೆ ಕೂತಿರುತ್ತವೆ. ಕ್ಲೋರಿನ್ ಮೇಲ್ಪದರದ ಜೊತೆ ಗುದ್ದಾಡಿಯೇ ಖರ್ಚಾಗುತ್ತದೆ. ಬೆಳಿಗ್ಗೆ ಅದು ಮಾಯವಾಗುವುದು ಇದಕ್ಕೇ. ನೀರು ಖಾಲಿ ಮಾಡಿದರೂ ಪೈಪಿನ ಬಾಗುಗಳಲ್ಲಿ ಒಂದಷ್ಟು ಉಳಿದೇ ಇರುತ್ತದೆ.

ಹಾಗಾಗಿ ಪೈಪು ತೊಳೆಯುವ ಕೆಲಸ ಹಳೇ ನೀರಿನಲ್ಲೇ ಆಗಬೇಕು. ಫಿಲ್ಟರ್ ತೆಗೆದಿಡಿ. ಟಬ್ಬಿನ ಪೈಪಿಗೆಂದೇ ಸಿಗುವ ಲೋಳೆ ಬಿಡಿಸುವ ದ್ರಾವಣವನ್ನು ಡಬ್ಬಿಯ ಮೇಲೆ ಹೇಳಿದಷ್ಟು ಹಾಕಿ, ಎಲ್ಲ ಜೆಟ್ಟುಗಳನ್ನೂ ಗಾಳಿಯ ವಾಲ್ವುಗಳನ್ನೂ ತೆರೆದು ಪಂಪು ಓಡಿಸಿ. ಗಾಳಿಯ ಪೈಪನ್ನು ಬಹಳ ಜನ ಮರೆಯುತ್ತಾರೆ, ಅಲ್ಲೂ ನೀರು ನಿಂತಿರುತ್ತದೆ. ಆಗ ಮುಖ ಒಡ್ಡಿಕೊಂಡು ನಿಲ್ಲಬೇಡಿ. ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಇದ್ದರೆ ಅದು ಹನಿಮಂಜಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ, ವಯಸ್ಸಾದವರಿಗೂ ಸಿಗರೇಟು ಸೇದುವವರಿಗೂ ಅಪಾಯ ಹೆಚ್ಚು.

ನನ್ನ ಟಬ್ಬಿನಲ್ಲಿ ಹತ್ತು ನಿಮಿಷಕ್ಕೆ ನೊರೆ ಎದ್ದಿತು. ನೀರಿನ ಅಂಚಿಗೆ ಕಾಫಿ ಬಣ್ಣದ ಜಿಗುಟು ಬಳೆಯ ಹಾಗೆ ಕಟ್ಟಿತು. ಅದನ್ನು ಆಗಾಗ ಒರೆಸುತ್ತಲೇ ಇರಬೇಕು, ಒಣಗಿದರೆ ಕೀಳುವುದು ಕಷ್ಟ. ಒಂದೇ ಸಲಕ್ಕೆ ಮುಗಿಯಲಿಲ್ಲ. ಎರಡನೇ ಸಲ ನೊರೆ ಬೆಳ್ಳಗಿತ್ತು, ಆಮೇಲೆಯೇ ಸಮಾಧಾನ.

ಕರೆಂಟು ಆರಿಸಿ, ಹಳೇ ನೀರನ್ನು ಹೊರಗೆ ಬಿಡಿ. ತಲೆದಿಂಬಿನ ಹಿಂದೆ, ಮುಚ್ಚಳದ ಅಡಿಯಲ್ಲಿ ಒರೆಸಿ. ಫಿಲ್ಟರ್ ಹಳೆಯದಾಗಿದ್ದರೆ ಜಿಪುಣತನ ಮಾಡದೆ ಎಸೆಯಿರಿ. ಹೊಸ ನೀರಿಗೆ ಹೆಚ್ಚು ಪ್ರಮಾಣದ ಕ್ಲೋರಿನ್ ಹಾಕಿ, ಮುಚ್ಚಳ ತೆರೆದಿಟ್ಟು ಜೆಟ್ ಓಡಿಸಿ. ಎಷ್ಟು ಎನ್ನುವುದಕ್ಕೆ ಅದರ ಡಬ್ಬಿಯನ್ನೇ ನೋಡಿ. ಕ್ಲೋರಿನ್ ಜೊತೆ ಆಮ್ಲವನ್ನಾಗಲಿ ಇನ್ನೊಂದು ಬಗೆಯ ಕ್ಲೋರಿನ್ ಪುಡಿಯನ್ನಾಗಲಿ ಯಾವತ್ತೂ ಬೆರೆಸಬೇಡಿ. ವಿಷಾನಿಲ ಏಳಬಹುದು, ಬೆಂಕಿಯೂ ಹತ್ತಬಹುದು.

ಕ್ಲೋರಿನ್ ಇಳಿಯಲು ಬಿಟ್ಟು, ಮತ್ತೆ ಅಳೆಯಿರಿ. ಕನಿಷ್ಠ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 3 ಭಾಗ) ಇರಲಿ, ಡಬ್ಬಿಯಲ್ಲಿ ಹೇಳಿದ ಮಿತಿ ದಾಟದಿರಲಿ. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.0ರಿಂದ 7.8, ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಯಾರೂ ಇಳಿಯದೆ, ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕ್ಲೋರಿನ್ ಅಳೆಯುವ ಪಟ್ಟಿ ಅದ್ದಿ ನೋಡಿ. ಬಿಸಿಗೆ ಸ್ವಲ್ಪ ಇಳಿದರೆ ಸಹಜ. ಮತ್ತೆ ಸೊನ್ನೆಗೆ ಬಂದಿದ್ದರೆ ಲೋಳೆ ಇನ್ನೂ ಒಳಗಿದೆ, ದ್ರಾವಣದ ಡಬ್ಬಿ ಇನ್ನೊಂದು ಸಲ ತೆಗೆಯಿರಿ.