ತೂಕ ಇಳಿಸುವ ಇಂಜೆಕ್ಷನ್: ಹೃದಯಕ್ಕೆ ಒಳ್ಳೆಯದೋ, ಕೆಟ್ಟದ್ದೋ?

ಪ್ರಶ್ನೆ: ನನಗೆ 54 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎತ್ತರ ಐದು ಅಡಿ ಆರು ಇಂಚು, ತೂಕ 91 ಕೆ.ಜಿ. ಸಕ್ಕರೆ ಕಾಯಿಲೆ ಇಲ್ಲ, ಆದರೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.1 ಬಂದಿದೆ, ಗಡಿಯಲ್ಲಿದೆ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ ‘ವಾರಕ್ಕೊಂದು ಇಂಜೆಕ್ಷನ್ ತಗೊಳ್ಳಿ ಅಪ್ಪಯ್ಯ’ ಎಂದು ಹಟ ಹಿಡಿದಿದ್ದಾನೆ. ಪಕ್ಕದ ಮನೆಯವರು ತೂಕ ಇಳಿಸುವ ಮದ್ದು ಹೃದಯ ಹಾಳು ಮಾಡುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಪಕ್ಕದ ಮನೆಯವರು ಸುಮ್ಮನೆ ಹೆದರಿಸುತ್ತಿಲ್ಲ. ಫೆನ್‌ಫ್ಲುರಮಿನ್ ಎಂಬ ಮಾತ್ರೆಯಿಂದ ಹೃದಯದ ಕವಾಟಗಳು ಕೆಡುತ್ತಿವೆ ಎಂದು ಗೊತ್ತಾಗಿ 1997ರಲ್ಲಿ ಅದನ್ನು ಅಮೆರಿಕದ ಮಾರುಕಟ್ಟೆಯಿಂದ ತೆಗೆದರು. ಸಿಬುಟ್ರಮಿನ್‌ಗೂ 2010ರಲ್ಲಿ ಅದೇ ಗತಿ ಬಂತು. ಹೃದ್ರೋಗ ಇದ್ದವರು ಅದನ್ನು ತೆಗೆದುಕೊಂಡಾಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದವು. ಆದರೆ ನಿಮ್ಮ ಮಗ ಹೇಳುತ್ತಿರುವ ಮದ್ದು ಬೇರೆ ಜಾತಿಯದು. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಸಕ್ಕರೆ ಏರಿದ್ದರೆ ಅದು ಇನ್ಸುಲಿನ್ ಹೊರಡಿಸುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ, ಸಾಕು ಎಂದು ಮೆದುಳಿಗೆ ತಿಳಿಸುತ್ತದೆ. ಅದರ ಆಯಸ್ಸು ಕೆಲವೇ ನಿಮಿಷ. ಅದೇ ಕೆಲಸವನ್ನು ವಾರಪೂರ್ತಿ ಮಾಡುವಂತೆ ತಯಾರಿಸಿದ್ದು ಸೆಮಾಗ್ಲುಟೈಡ್. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. 2025ರಲ್ಲಿ ಟಿರ್ಜೆಪಟೈಡ್ ಮೌಂಜಾರೊ ಎಂಬ ಹೆಸರಲ್ಲಿ, ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ ವೆಗೋವಿ ಎಂಬ ಹೆಸರಲ್ಲಿ ಭಾರತಕ್ಕೆ ಬಂದವು.

ನಿಮ್ಮಂಥವರ ಮೇಲೆಯೇ ಒಂದು ದೊಡ್ಡ ಅಧ್ಯಯನ ನಡೆದಿದೆ, ಹೆಸರು ಸೆಲೆಕ್ಟ್. 2023ರ ನವೆಂಬರ್‌ನಲ್ಲಿ ಪ್ರಕಟವಾಯಿತು. 45 ವರ್ಷ ದಾಟಿದ, ಆಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ ಇದ್ದ, ತೂಕ ಹೆಚ್ಚಿದ್ದ, ಆದರೆ ಡಯಾಬಿಟಿಸ್ ಇಲ್ಲದ 17,604 ಜನ. ಅರ್ಧ ಜನಕ್ಕೆ ವಾರಕ್ಕೆ 2.4 ಮಿ.ಗ್ರಾಂ. ಸೆಮಾಗ್ಲುಟೈಡ್, ಉಳಿದವರಿಗೆ ಮದ್ದಿಲ್ಲದ ಸೂಜಿ. ಸರಾಸರಿ ಮೂರು ವರ್ಷ ನಾಲ್ಕು ತಿಂಗಳು ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದಿಂದ ಸಾವು, ಈ ಮೂರರಲ್ಲಿ ಒಂದಾದರೂ ಸಂಭವಿಸಿದ್ದು ಸುಮ್ಮನೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ 8ರಷ್ಟು ಮಂದಿಗೆ, ಮದ್ದು ಪಡೆದವರಲ್ಲಿ ಶೇ 6.5ರಷ್ಟು ಮಂದಿಗೆ. ಪೇಪರಿನಲ್ಲಿ ಇದನ್ನೇ ‘ಶೇ 20 ಇಳಿಕೆ’ ಎಂದು ಬರೆಯುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ನಿಮ್ಮ ಮುಂದೆ ನಾನು ಇಡುವುದು ಈ ಲೆಕ್ಕ: ನಿಮ್ಮಂಥ 200 ಜನ ಮೂರು ವರ್ಷಕ್ಕೂ ಮೇಲ್ಪಟ್ಟು ಚುಚ್ಚಿಕೊಂಡರೆ ಮೂರು ಜನ ಅಂಥ ಗಂಡಾಂತರದಿಂದ ಪಾರಾಗುತ್ತಾರೆ. ಅದು ಸಣ್ಣದೂ ಅಲ್ಲ, ಪವಾಡವೂ ಅಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ವಿಷಯ. ತೂಕ ಸರಿಯಾಗಿ ಇಳಿಯುವ ಮೊದಲೇ ಎರಡು ಗುಂಪುಗಳ ನಡುವೆ ಅಂತರ ಕಾಣಿಸತೊಡಗಿತ್ತು, ಕಡಿಮೆ ತೂಕ ಇಳಿದವರಿಗೂ ಲಾಭ ಸಿಕ್ಕಿತ್ತು. ಬಿಪಿ ಸ್ವಲ್ಪ ಇಳಿಯುತ್ತದೆ, ರಕ್ತನಾಳದ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಚೆನ್ನಾಗಿಯೇ ಇಳಿಯುತ್ತದೆ. ಹಾಗಾಗಿ ನೀವು ಇದನ್ನು ಶುರು ಮಾಡಿದರೆ ತಿಂಗಳಿಗೊಮ್ಮೆ ತಕ್ಕಡಿ ಹತ್ತಿ ‘ಎರಡೇ ಕೆ.ಜಿ. ಇಳಿದಿದೆ, ದುಡ್ಡು ದಂಡ’ ಎಂದು ಬಿಟ್ಟುಬಿಡಬೇಡಿ. ಗಡಿಯಲ್ಲಿರುವ ಸಕ್ಕರೆಯ ವಿಷಯಕ್ಕೆ ಬಂದರೆ ಲಾಭ ಇನ್ನೂ ಸ್ಪಷ್ಟ. ಅದೇ ಅಧ್ಯಯನದಲ್ಲಿ ಮದ್ದಿಲ್ಲದವರಲ್ಲಿ ಶೇ 12ರಷ್ಟು ಜನರ ಎಚ್‌ಬಿಎ1ಸಿ ಡಯಾಬಿಟಿಸ್ ಮಟ್ಟ ಮುಟ್ಟಿತು, ಮದ್ದು ಪಡೆದವರಲ್ಲಿ ಶೇ 3.5.

ಈಗ ತೊಂದರೆಗಳು. ನಾಡಿ ನಿಮಿಷಕ್ಕೆ ಮೂರ್ನಾಲ್ಕು ಬಡಿತ ಹೆಚ್ಚಬಹುದು. ಮೇಲಿನ ಫಲಿತಾಂಶ ಅದನ್ನೂ ಸೇರಿಸಿಯೇ ಬಂದದ್ದು, ಅದಕ್ಕೆ ಹೆದರಬೇಕಿಲ್ಲ. ಜಾಸ್ತಿ ಕಾಡುವುದು ಹೊಟ್ಟೆ: ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ. ತೊಂದರೆ ತಾಳದೆ ಶೇ 16.6ರಷ್ಟು ಜನ ಮದ್ದು ಬಿಟ್ಟರು. ಅದಕ್ಕೇ 0.25 ಮಿ.ಗ್ರಾಂ.ನಿಂದ ಶುರು ಮಾಡಿ ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ಬೆಳಿಗ್ಗೆ ಆರು ಕಡುಬು ತಿನ್ನುವವರು ಎರಡಕ್ಕೇ ಏಳಬೇಕಾಗುತ್ತದೆ, ಮನೆಯವರ ಒತ್ತಾಯಕ್ಕೆ ಮೂರನೆಯದು ತಿಂದರೆ ಅದು ವಾಪಸ್ ಬರುತ್ತದೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಆಗಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹಾಯುವ ಜೋರು ನೋವು ಬಂದರೆ ಕಷಾಯ ಕುಡಿದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಥೈರಾಯ್ಡ್‌ನ ಮೆಡುಲ್ಲರಿ ಕ್ಯಾನ್ಸರ್ ಇದ್ದವರಿಗೆ ಈ ಮದ್ದು ಬೇಡ. ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ ಎನ್ನುವುದನ್ನು ತೋಟದಲ್ಲಿ ದುಡಿಯುವವರು ಗಂಭೀರವಾಗಿ ತೆಗೆದುಕೊಳ್ಳಬೇಕು. ತಿನ್ನುವುದೇ ಕಡಿಮೆಯಾದಾಗ ತಟ್ಟೆಯಲ್ಲಿ ಮೊದಲು ಹುರುಳಿಕಾಳು, ಮೊಟ್ಟೆ, ಮೀನು, ಮೊಸರು ಇರಲಿ, ಅಕ್ಕಿರೊಟ್ಟಿ ಆಮೇಲೆ. ಭಾರ ಎತ್ತುವ ಕೆಲಸ ಬಿಡಬೇಡಿ, ಎಷ್ಟು ಎತ್ತಬಹುದು ಎಂದು ನಿಮ್ಮ ಹೃದಯದ ವೈದ್ಯರನ್ನು ಕೇಳಿಕೊಳ್ಳಿ.

ನನ್ನ ಓಟು ನಿಮ್ಮ ಮಗನಿಗೇ, ಎರಡು ಷರತ್ತಿನ ಮೇಲೆ. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್, ಬಿಪಿ ಮಾತ್ರೆ ಯಾವುದನ್ನೂ ಇದಕ್ಕಾಗಿ ನಿಲ್ಲಿಸುವಂತಿಲ್ಲ. ಸೆಲೆಕ್ಟ್‌ನಲ್ಲಿ ಲಾಭ ಸಿಕ್ಕಿದ್ದು ಇವುಗಳ ಮೇಲೆ ಇಂಜೆಕ್ಷನ್ ಕೊಟ್ಟಾಗ. ಎರಡನೆಯದು, ವರ್ಷಗಟ್ಟಲೆ ಖರ್ಚು ನಿಭಾಯಿಸುವ ಲೆಕ್ಕ ಮೊದಲೇ ಹಾಕಿ. ನಿಲ್ಲಿಸಿದ ವರ್ಷದೊಳಗೆ ಇಳಿದ ತೂಕದಲ್ಲಿ ಮೂರನೇ ಎರಡು ಪಾಲು ಮರಳಿದ್ದನ್ನು ಅಧ್ಯಯನಗಳು ತೋರಿಸಿವೆ, ಬಿಪಿಯೂ ಹಿಂದಿನ ಜಾಗಕ್ಕೇ ಹೋಗಿತ್ತು. ಅಡಿಕೆ ರೇಟು ಏರಿದ ವರ್ಷ ಶುರು ಮಾಡಿ, ಬಿದ್ದ ವರ್ಷ ಬಿಡುವ ಮದ್ದಲ್ಲ ಇದು. ಮತ್ತೆ, ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಎಲೆ‌ಅಡಿಕೆ ಜೊತೆ ಹೊಗೆಸೊಪ್ಪು ಇದೆಯೇ? ಇದ್ದರೆ ಮೊದಲು ಅದನ್ನು ಬಿಡಿ, ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ಮಗಳಿಗೆ 26 ವರ್ಷ, ಎತ್ತರ 158 ಸೆಂ.ಮೀ., ತೂಕ 64. ಮಾಘದಲ್ಲಿ ಮದುವೆ. ಅಷ್ಟರೊಳಗೆ ಹತ್ತು ಕೆ.ಜಿ. ಇಳಿಸಲು ಇಂಜೆಕ್ಷನ್ ಬೇಕೆನ್ನುತ್ತಾಳೆ. ಹೃದಯಕ್ಕೂ ಒಳ್ಳೆಯದಂತೆ, ಕೊಡಿಸಬಹುದೇ? (ಶಿವಮೊಗ್ಗದಿಂದ ಒಬ್ಬ ತಾಯಿ)

ಉತ್ತರ: ಬೇಡಮ್ಮ. ಹೃದಯಕ್ಕೆ ಒಳ್ಳೆಯದು ಎಂದು ಸೆಲೆಕ್ಟ್ ತೋರಿಸಿದ್ದು ಆಗಲೇ ಹೃದ್ರೋಗ ಇದ್ದವರಲ್ಲಿ. ಆರೋಗ್ಯವಂತ ಹುಡುಗಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅವಳ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎನ್ನುವ ಅಳತೆ) ಸುಮಾರು 25.6. ಈ ಮದ್ದಿಗೆ ಅನುಮತಿ ಇರುವುದು ಬಿಎಂಐ 30ರ ಮೇಲಿದ್ದರೆ, ಅಥವಾ 27ರ ಮೇಲಿದ್ದು ಬಿಪಿ, ಸಕ್ಕರೆಯಂಥ ತೊಂದರೆ ಜೊತೆಗಿದ್ದರೆ. ಮದುವೆಯಾದ ಮೇಲೆ ಮಗು ಬೇಕೆಂದರೆ ಸೆಮಾಗ್ಲುಟೈಡನ್ನು ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಿರಬೇಕು. ಟಿರ್ಜೆಪಟೈಡ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಬಹುದು.

ಭಾರತೀಯರ ಅಳತೆಯಲ್ಲಿ ಬಿಎಂಐ 23 ದಾಟಿದರೆ ಎಚ್ಚರ ಬೇಕು ಎನ್ನುವುದೂ ನಿಜ. ಸೊಂಟದ ಸುತ್ತಳತೆ 80 ಸೆಂ.ಮೀ. ಮೀರಿದೆಯೇ ನೋಡಿ, ಮುಟ್ಟು ತಪ್ಪುತ್ತಿದ್ದರೆ ಪಿಸಿಒಡಿ, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ತೂಕ ಇಳಿಸು ಎಂದವರು ಗಂಡಿನ ಕಡೆಯವರಾದರೆ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಪ್ರಶ್ನೆ: ಸಾಗರದ ಕಡೆಯವರು ನಾವು. ಹೆಂಡತಿಗೆ 58, ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮತ್ತು ಎರಡು ಬಿಪಿ ಮಾತ್ರೆ ಇವೆ. ಮೂರು ತಿಂಗಳಿಂದ ಟಿರ್ಜೆಪಟೈಡ್. ಎಂಟು ಕೆ.ಜಿ. ಇಳಿದಿದ್ದಾಳೆ, ಆದರೆ ಹಾಸಿಗೆಯಿಂದ ಎದ್ದಾಗ ತಲೆ ತಿರುಗುತ್ತದೆ. ಒಮ್ಮೆ ಬೆವರಿ ಕೈ ನಡುಗಿತು. ಇನ್ನೊಂದು: ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟು ಇರುವುದಿಲ್ಲ, ಫ್ರಿಜ್ಜಿನಲ್ಲಿಟ್ಟ ಮದ್ದು ಕೆಡುತ್ತದೆಯೇ?

ಉತ್ತರ: ಇವು ಎರಡು ಬೇರೆ ತೊಂದರೆಗಳಿರಬಹುದು. ಬೆವರು, ನಡುಕ ಎಂದರೆ ಸಕ್ಕರೆ ತೀರಾ ಇಳಿದಿರುವ ಸಂಭವವೇ ಹೆಚ್ಚು. ಟಿರ್ಜೆಪಟೈಡ್ ಒಂದೇ ಆದರೆ ಹಾಗಾಗುವುದು ಕಡಿಮೆ. ಗ್ಲಿಮೆಪಿರೈಡ್ ಮಾತ್ರ ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಊಟ ಅರ್ಧವಾದ ಮೇಲೆ ಹಳೆಯ ಡೋಸ್ ಜಾಸ್ತಿಯಾಗುತ್ತದೆ. ಮತ್ತೆ ಹಾಗಾದರೆ ಗ್ಲುಕೋಮೀಟರಿನಲ್ಲಿ ನೋಡಿ, 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ. ತಿಂಡಿ ಕೊಟ್ಟು ಕಾಯಬೇಡಿ, ಈ ಮದ್ದಿನಿಂದ ಹೊಟ್ಟೆ ನಿಧಾನವಾಗಿರುತ್ತದೆ.

ಎದ್ದಾಗ ತಲೆ ತಿರುಗುವುದಕ್ಕೆ ಬಿಪಿ ನೋಡಬೇಕು. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೊಮ್ಮೆ. ಮೇಲಿನ ಅಂಕಿ 20ರಷ್ಟು ಬಿದ್ದರೆ ಬರೆದುಕೊಂಡು ವೈದ್ಯರಿಗೆ ತೋರಿಸಿ. ಎಂಟು ಕೆ.ಜಿ. ಹಿಂದಿನ ದೇಹಕ್ಕೆ ಬರೆದ ಬಿಪಿ ಮಾತ್ರೆಗಳವು. ಅದರಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದು ವಾಂತಿ ಭೇದಿಯೂ ಆಗುತ್ತಿದ್ದರೆ ಕಿಡ್ನಿಗೂ ಪೆಟ್ಟು. ಗ್ಲಿಮೆಪಿರೈಡ್, ಬಿಪಿ ಮಾತ್ರೆ ಎರಡನ್ನೂ ಇಳಿಸಬೇಕಾಗಬಹುದು, ಅದಕ್ಕೆ ಈ ವಾರವೇ ಹೋಗಿ. ಹನ್ನೆರಡು ವರ್ಷದ ಕಾಯಿಲೆಯಲ್ಲವೇ, ಕಣ್ಣಿನ ರೆಟಿನಾ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಬೇಗ ಇಳಿದಾಗ ಮೊದಲೇ ಹಾಳಾಗಿದ್ದ ರೆಟಿನಾ ಕೆಲವೊಮ್ಮೆ ಇನ್ನಷ್ಟು ಕೆಡುತ್ತದೆ.

ಕರೆಂಟಿನ ಬಗ್ಗೆ ಗಾಬರಿ ಬೇಡ. ಒಂದು ಸಲದ ಡೋಸಿನ ಟಿರ್ಜೆಪಟೈಡ್ ಬಾಟಲಿ 30 ಡಿಗ್ರಿ ಮೀರದ ಜಾಗದಲ್ಲಿ ಫ್ರಿಜ್ಜಿನ ಹೊರಗೆ 21 ದಿನ ತಡೆಯುತ್ತದೆ, ನಮ್ಮ ಆಷಾಢದ ಚಳಿಗೆ 30 ಡಿಗ್ರಿ ಎಲ್ಲಿಂದ ಬರಬೇಕು! ಪೆನ್ ಆದರೆ ಅವಧಿ ಬೇರೆ, ಡಬ್ಬಿಯೊಳಗಿನ ಚೀಟಿ ಓದಿ. ಬಚ್ಚಲ ಒಲೆಯ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಇಡಬೇಡಿ. ನಿಜವಾದ ಅಪಾಯ ಕರೆಂಟು ಬಂದ ಮೇಲೆ: ಬೇಗ ತಣ್ಣಗಾಗಲಿ ಎಂದು ಫ್ರೀಜರಿಗೆ ತಳ್ಳುವುದು, ಐಸ್ ಗಡ್ಡೆಗೆ ತಾಗಿಸಿ ಇಡುವುದು. ಒಮ್ಮೆ ಹೆಪ್ಪುಗಟ್ಟಿದ ಬಾಟಲಿ ಕರಗಿದ ಮೇಲೆ ನೋಡಲು ಮೊದಲಿನ ಹಾಗೇ ಇದ್ದರೂ ಬಳಸುವಂತಿಲ್ಲ.