ಏಳನೇ ಪುಟದ ಜೋಕಾಲಿ

ಕಾರವಾರ

ಪ್ರಿಯ ಮಿತ್ರರೇ, ನಮಸ್ಕಾರ.

ನಿಮ್ಮ ‘ಕ್ವಾಂಟಮ್ ಲೋಕದ ನಿಗೂಢ ಬೆಳಕು’ ಲೇಖನ ತಲುಪಿ ಮೂರು ವಾರವಾಯಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ.

ನೀವು ಶಿರಸಿ ಕಡೆಯ ಹಳ್ಳಿಯವರು, ಈಗ ದೂರದ ಊರಲ್ಲಿ ಸಂಶೋಧನೆ ಮಾಡುತ್ತಿದ್ದೀರಿ, ಬೆಳಕು ಒಂದು ಪುಟ್ಟ ವಸ್ತುವಿನ ಅಲುಗಾಟವನ್ನು ಹೇಗೆ ತಗ್ಗಿಸುತ್ತದೆ ಅಂತ ಲೆಕ್ಕ ಹಾಕುವುದು ನಿಮ್ಮ ಕೆಲಸ. ಇದಿಷ್ಟೂ ನನಗೆ ಗೊತ್ತಾಗಿದ್ದು ನೀವು ಜೊತೆಗಿಟ್ಟ ಚೀಟಿಯಿಂದ. ಒಂಬತ್ತು ಪುಟದ ಲೇಖನದಲ್ಲಿ ನೀವೇ ಇಲ್ಲ. ಮೊದಲ ನಾಲ್ಕು ಪುಟ ನ್ಯೂಟನ್, ಐನ್‌ಸ್ಟೈನ್, ಬೋರ್. ಅವರ ಬಗ್ಗೆ ಓದಬೇಕು ಅನ್ನುವವರಿಗೆ ಕನ್ನಡದಲ್ಲಿ ಬೇಕಾದಷ್ಟಿದೆ. ‘ನಿಗೂಢ’ ಎಂಬ ಪದ ಹನ್ನೊಂದು ಸಲ ಬಂದಿದೆ, ಎಣಿಸಿದೆ. ನಿಗೂಢ ಅಂದ ಕೂಡಲೇ ಓದುಗ ‘ಇದು ನನಗಲ್ಲ’ ಅಂತ ಪುಟ ಮಗುಚುತ್ತಾನೆ. ನಮ್ಮ ಕರಡು ನೋಡುವವರು ಎರಡನೇ ಪುಟಕ್ಕೇ ನಿಲ್ಲಿಸಿದರು.

ಅವರು ಏಳನೇ ಪುಟಕ್ಕೆ ಹೋಗಲೇ ಇಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರಾದ ಸಂಗತಿ. ಅಲ್ಲಿ ನೀವು ಹಲಸಿನ ಮರಕ್ಕೆ ಕಟ್ಟಿದ ಜೋಕಾಲಿ ತಂದಿದ್ದೀರಿ. ತಂಗಿ ಕೂತಿದ್ದಾಳೆ. ಜೋಕಾಲಿ ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ನೀವು ಅವಸರದಲ್ಲಿ ಎದುರಿನಿಂದ ನೂಕಿಬಿಟ್ಟಿರಿ. ಜೋಕಾಲಿ ಗಕ್ಕನೆ ನಿಧಾನವಾಯಿತು, ತಂಗಿ ಬೈದಳು. ‘ನನ್ನ ಸಂಶೋಧನೆ ಇಷ್ಟೇ’ ಅಂತ ಬರೆದು ಮುಂದೆ ಹೋಗಿದ್ದೀರಿ. ಮುಂದೆ ಯಾಕೆ ಹೋದಿರಿ? ಅಲ್ಲೇ ನಿಲ್ಲಬೇಕಿತ್ತು!

ನಾನು ಅರ್ಥ ಮಾಡಿಕೊಂಡಿದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಎದುರುಬದುರು ಎರಡು ಕನ್ನಡಿ. ಒಂದು ಗಟ್ಟಿಯಾಗಿ ಕೂತಿದೆ, ಇನ್ನೊಂದು ತುಸು ಅಲುಗಾಡುತ್ತದೆ. ನಡುವೆ ಲೇಸರ್ ಬೆಳಕು ಅತ್ತಿತ್ತ ಪುಟಿಯುತ್ತ ಆ ಕನ್ನಡಿಯನ್ನು ಹೊರಕ್ಕೆ ನೂಕುತ್ತಿದೆ. ಕನ್ನಡಿಗಳ ನಡುವೆ ಬೆಳಕು ಚೆನ್ನಾಗಿ ತುಂಬಿಕೊಳ್ಳುವ ಒಂದು ಆವರ್ತನ ಇರುತ್ತದೆ, ಲೇಸರಿನ ಆವರ್ತನವನ್ನು ಬೇಕೆಂದೇ ಅದಕ್ಕಿಂತ ಸ್ವಲ್ಪ ಕಡಿಮೆ ಇಟ್ಟಿರುತ್ತೀರಿ. ಕನ್ನಡಿ ಹೊರಗೆ ಸರಿದರೆ ಆ ಆವರ್ತನ ಇಳಿದು ಲೇಸರಿಗೆ ಹತ್ತಿರವಾಗುತ್ತದೆ, ಹಾಗಾಗಿ ಒಳಗೆ ಬೆಳಕು ಜಾಸ್ತಿಯಾಗಬೇಕು. ಆದರೆ ಬೆಳಕು ತುಂಬಿಕೊಳ್ಳಲು ಹೊತ್ತು ಬೇಕು. ಅದು ತುಂಬುವಷ್ಟರಲ್ಲಿ ಕನ್ನಡಿ ಒಳಮುಖವಾಗಿ ಹೊರಟಾಗಿರುತ್ತದೆ. ತಡವಾಗಿ ಬಂದ ಬೆಳಕು ಎದುರಿನಿಂದ ನೂಕುತ್ತದೆ. ಪ್ರತಿ ಸುತ್ತಿಗೂ ಅಲುಗಾಟ ಚೂರು ಚೂರೇ ಸಾಯುತ್ತದೆ. ಅಲುಗಾಟ ಕಡಿಮೆಯಾಯಿತು ಅಂದರೆ ತಣ್ಣಗಾಯಿತು ಅಂತಲೇ ಅರ್ಥ. ಬೆಳಕು ಬಿಟ್ಟು ವಸ್ತುವನ್ನು ತಣ್ಣಗೆ ಮಾಡುವುದು! ಬಿಸಿಲಲ್ಲಿ ಅಡಿಕೆ ಒಣಗಿಸುವ ನಮ್ಮ ಜನಕ್ಕೆ ಇದಕ್ಕಿಂತ ಸೋಜಿಗದ ಸುದ್ದಿ ಇನ್ನೇನು ಬೇಕು?

ನಿಮ್ಮ ಜೋಕಾಲಿಯ ಪ್ಯಾರಾವನ್ನೇ ಮೊದಲಿಗೆ ತನ್ನಿ. ಮೊದಲ ಸಾಲಲ್ಲೇ ತಂಗಿ ಬೈಯಲಿ.

ಒಂದು ತಪ್ಪು ಮಾತ್ರ ತಿದ್ದಲೇಬೇಕು. ಒಂದು ಮುಖ ಕಪ್ಪು, ಇನ್ನೊಂದು ಮುಖ ಹೊಳೆಯುವ ಪುಟ್ಟ ರೆಕ್ಕೆಗಳು ಗಾಜಿನ ಬುರುಡೆಯೊಳಗೆ ತಿರುಗುವ ಕ್ರೂಕ್ಸ್ ರೇಡಿಯೋಮೀಟರನ್ನು ಬೆಳಕೇ ನೂಕಿ ತಿರುಗಿಸುತ್ತದೆ ಅಂದಿದ್ದೀರಿ. ನಾವು ಓದಿದ ಹೈಸ್ಕೂಲಿನಲ್ಲಿ ಒಂದಿತ್ತು, ಕಿಟಕಿಯ ಹತ್ತಿರ ಇಟ್ಟು ಗಂಟೆಗಟ್ಟಲೆ ನೋಡುತ್ತಿದ್ದೆವು. ಬೆಳಕಿನ ನೂಕಿಗೇ ತಿರುಗುವುದಾದರೆ ಹೊಳೆಯುವ ಮುಖ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಪುಟಿದು ಹೋಗುವ ಬೆಳಕು ಹೀರಿಕೊಂಡ ಬೆಳಕಿನ ಎರಡರಷ್ಟು ನೂಕುತ್ತದೆ. ಆದರೆ ಅಲ್ಲಿ ಹಿಂದಕ್ಕೆ ಹೋಗುವುದು ಕಪ್ಪು ಮುಖ. ಅದನ್ನು ತಿರುಗಿಸುವುದು ಬುರುಡೆಯಲ್ಲಿ ಉಳಿದ ಚೂರು ಗಾಳಿ. ಬೆಳಕಿನ ನೂಕನ್ನು ಮ್ಯಾಕ್ಸ್‌ವೆಲ್ 1873ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಅಳೆದು ತೋರಿಸಿದ್ದು 1900ರ ಹೊತ್ತಿಗೆ, ರಷ್ಯಾದ ಲೆಬೆದೇವ್. ಅಂದರೆ ನೂಕುವುದು ಕ್ವಾಂಟಮ್ ಪವಾಡ ಅಲ್ಲ, ಅದಕ್ಕಿಂತ ಹಳೆಯ ಮಾತು. ಎಷ್ಟು ನೂಕುತ್ತದೆ ಅಂತಲೂ ಹೇಳಿ. ಒಂದು ಚದರ ಮೀಟರ್ ಕನ್ನಡಿಯ ಮೇಲೆ ಬೀಳುವ ನಡುಹಗಲ ಬಿಸಿಲಿನ ನೂಕು ಒಂದು ಮಿಲಿಗ್ರಾಂ ತೂಕದಷ್ಟೂ ಇಲ್ಲ. ನಿಮ್ಮ ಅಂಗಳದ ಚಾಪೆಯ ಮೇಲಿನ ಹಲಸಿನ ಹಪ್ಪಳವನ್ನೂ ಬಿಸಿಲು ನೂಕುತ್ತಲೇ ಇದೆ. ಓದುಗರಿಗೆ ಆ ಚಾಪೆ ಕಾಣಬೇಕು.

ಇನ್ನು ನಿಮ್ಮ ಕೆಲಸದ ವಿಷಯ. ‘ಸೈದ್ಧಾಂತಿಕ ಸಂಶೋಧನೆ’ ಅಂತ ಒಂದೇ ಮಾತಲ್ಲಿ ದಾಟಿಸಿದ್ದೀರಿ. ಲ್ಯಾಬಿನಲ್ಲಿ ಏನೂ ಮುಟ್ಟದವನ ಕೆಲಸ ದೊಡ್ಡದಲ್ಲ ಅನ್ನುವ ಸಂಕೋಚ ನಿಮಗಿದೆ ಅನ್ನಿಸಿತು. ಬಿಡಿ ಅದನ್ನು. ಬೆಳಕು ಕಾಳು ಕಾಳಾಗಿ ಬಡಿಯುವುದರಿಂದ ತಣಿಸುವ ಬೆಳಕೇ ಸ್ವಲ್ಪ ಕುಲುಕುತ್ತದೆ, ಹಾಗಾದರೆ ಎಲ್ಲಿಯವರೆಗೆ ತಣಿಸಬಹುದು? 2007ರಲ್ಲಿ ಎರಡು ಗುಂಪು ಬೇರೆ ಬೇರೆಯಾಗಿ ಕಾಗದದ ಮೇಲೆ ಇದಕ್ಕೆ ಉತ್ತರ ಕಂಡುಕೊಂಡವು. ಬೆಳಕು ಸೋರಿ ಹೋಗುವುದರೊಳಗೆ ವಸ್ತು ಹಲವು ಸಲ ತೂಗಿದರೆ, ಅಲುಗಾಟವನ್ನು ಸರಾಸರಿ ಒಂದು ಫೋನಾನಿಗಿಂತ, ಅಂದರೆ ಅಲುಗಾಟದ ಒಂದೇ ಒಂದು ಕಾಳಿಗಿಂತ, ಕೆಳಗೆ ಇಳಿಸಬಹುದು. 2011ರಲ್ಲಿ ಅಮೆರಿಕದ ಬೌಲ್ಡರಿನ ಲ್ಯಾಬಿನಲ್ಲಿ ಅದು ಆಯಿತು. ತಲೆಕೂದಲಿನ ದಪ್ಪಕ್ಕಿಂತ ಕಿರಿದಾದ ಅಲ್ಯೂಮಿನಿಯಂ ಡೋಲು, ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ತೂಗುವಂಥದ್ದು. ಮಾಮೂಲಿ ಕೋಣೆಯಲ್ಲಿ ಇಟ್ಟರೆ ಅದರಲ್ಲಿ ಆರು ಲಕ್ಷದಷ್ಟು ಫೋನಾನ್ ಇರುತ್ತವೆ. ಮೊದಲು ಶೀತಕದಲ್ಲಿಟ್ಟು, ಆಮೇಲೆ ಬೆಳಕಿನ ಬಳಗದ್ದೇ ಆದ ಮೈಕ್ರೋವೇವ್ ಬಿಟ್ಟು ಅದನ್ನು ಸರಾಸರಿ 0.34 ಫೋನಾನಿಗೆ ಇಳಿಸಿದರು. ಅದೇ ವರ್ಷ ಅಮೆರಿಕದ್ದೇ ಆದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಲೇಸರ್ ಬೆಳಕಿನಿಂದಲೇ ಸಿಲಿಕಾನ್ ಪಟ್ಟಿಯೊಂದನ್ನು 0.85ಕ್ಕೆ ತಂದರು. ಕಾಗದದಿಂದ ಡೋಲಿಗೆ ನಾಲ್ಕು ವರ್ಷ. ನೀವು ಕೂರುವ ಮೇಜಿಗೂ ಆ ಡೋಲಿಗೂ ಇರುವ ನಂಟು ಇದು. ಇದನ್ನು ನಾಚಿಕೆ ಇಲ್ಲದೆ ಬರೆಯಿರಿ.

ಗುರುತ್ವ ಅಲೆ ಹಿಡಿಯುವ ಲೈಗೋದ 40 ಕಿಲೋ ಕನ್ನಡಿಯನ್ನೂ ಬೆಳಕಿನ ಈ ಕುಲುಕು ಬಿಡುವುದಿಲ್ಲ ಅಂದಿದ್ದೀರಿ. ಚೆಂದದ ವಿಷಯ, ಆದರೆ ಅದು ಇನ್ನೊಂದು ಲೇಖನ. ಇದರಲ್ಲಿ ತುರುಕಬೇಡಿ.

ಭಾಷೆಯ ಬಗ್ಗೆ ಒಂದು ಮಾತು. ‘ದ್ಯುತಿಯಾಂತ್ರಿಕ ಅಂತರ್‌ಕ್ರಿಯಾ ಗುಣಾಂಕ’ ಅಂದರೆ ನಿಮ್ಮ ಗೆಳೆಯರಿಗೂ ತಿಳಿಯುವುದಿಲ್ಲ. ಒಂದು ಫೋಟಾನು, ಅಂದರೆ ಬೆಳಕಿನ ಒಂದು ಕಾಳು, ಕನ್ನಡಿಯನ್ನು ಎಷ್ಟು ಕದಲಿಸುತ್ತದೆ ಅನ್ನುವ ಸಂಖ್ಯೆ, ಅಷ್ಟೇ ಅಲ್ವಾ? ಹಾಗೇ ಬರೆಯಿರಿ. ನೂಕು, ತೂಗು, ಕುಲುಕು, ಸೋರು ಇವೆಲ್ಲ ನಿಮ್ಮ ಮನೆಯಲ್ಲೇ ಇರುವ ಮಾತು. ಫೋಟಾನ್, ಲೇಸರ್ ಹಾಗೇ ಇರಲಿ.

ಚೀಟಿಯಲ್ಲಿ ಇನ್ನೊಂದು ಸಾಲಿದೆ. ರಜೆಗೆ ಬಂದಾಗ ಅಮ್ಮ ಕೇಳಿದರಂತೆ, “ತಮಾ, ನೀ ಅಲ್ಲಿ ದಿನಾ ಎಂತ ಮಾಡ್ತೆ?” ಅಂತ. ಜೋಕಾಲಿಯ ಕಥೆ ನಿಮಗೆ ಹೊಳೆದಿದ್ದು ಆಗಲೇ ಅಂತ ಬರೆದಿದ್ದೀರಿ. ಆ ಕಥೆ ಕೇಳಿ ಅಮ್ಮ ಏನಂದರು ಅಂತ ಬರೆದಿಲ್ಲ. ಅದೂ ಬೇಕು ನನಗೆ.

ನಾಲ್ಕು ಪುಟ ಸಾಕು. ಮುಂದಿನ ತಿಂಗಳ 15ರೊಳಗೆ ಕಳಿಸಿ, ಜಾಗ ಇಟ್ಟುಕೊಂಡಿರುತ್ತೇನೆ.

ನಿಮ್ಮ,
ಸಂಪಾದಕ